ಲಿನಕ್ಸ್ ಆನ್ ಆಗುವಾಗ, ಆಫ್ ಆಗುವಾಗ ಓಡಿಹೋಗುವ ಸಾಲುಗಳನ್ನು ಓದುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯಗಳಿವೆ. ಉಬುಂಟು ಲ್ಯಾಪ್‌ಟಾಪ್ ಆನ್ ಆಗುವಾಗ ಪರದೆಯ ಮೇಲೆ ಮಿಂಚಿ ಮಾಯವಾಗುವ ಸಾಲುಗಳನ್ನು ನಿಧಾನವಾಗಿ ಓದಬೇಕು. ಆಫ್ ಮಾಡುವಾಗ ಆಗಾಗ ಒಂದೂವರೆ ನಿಮಿಷ ಕಾಯಿಸುತ್ತದಲ್ಲ, ಅದು ಏಕೆಂದು ಗೊತ್ತಾಗಬೇಕು. ಮೊದಲನೆಯದು ತೀರಾ ಸುಲಭ. ಎರಡನೆಯದು ಬಹುಪಾಲು ಸುಲಭವೇ, ಕೊನೆಯ ಒಂದು ಸಣ್ಣ ಭಾಗಕ್ಕೆ ಮಾತ್ರ ಸ್ವಲ್ಪ ಕಸರತ್ತು ಬೇಕು. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು, ಆ ಸಾಲುಗಳನ್ನು ಕಣ್ಣಲ್ಲೇ ಹಿಡಿಯುವ ಆಸೆ ಬಿಟ್ಟುಬಿಡಿ. ಹಿಂದೆ ಶಿಫ್ಟ್ ಮತ್ತು ಪೇಜ್‌ಅಪ್ ಒತ್ತಿ ಕಪ್ಪು ಪರದೆಯನ್ನು ಹಿಂದಕ್ಕೆ ಸರಿಸಿ ಓದುತ್ತಿದ್ದರು. ಹಳೆಯ ಬರಹಗಳಲ್ಲಿ ಇವತ್ತಿಗೂ ಅದೇ ಸಲಹೆ ಸಿಗುತ್ತದೆ. 2020ರಲ್ಲಿ ಬಂದ ಕರ್ನಲ್ (ಲಿನಕ್ಸ್‌ನ ತಿರುಳು) 5.9ರಲ್ಲಿ ಆ ಸೌಲಭ್ಯವನ್ನೇ ಕಿತ್ತುಹಾಕಿದ್ದಾರೆ, ಹಾಗಾಗಿ ಈಗ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಅದರಿಂದ ನಷ್ಟವೇನೂ ಇಲ್ಲ, ಏಕೆಂದರೆ ಅಲ್ಲಿ ಓಡುವ ಹೆಚ್ಚೂಕಮ್ಮಿ ಪ್ರತಿ ಸಾಲನ್ನೂ, ಅದಕ್ಕಿಂತ ಎಷ್ಟೋ ಹೆಚ್ಚಿನದನ್ನೂ, ಸಿಸ್ಟಮ್‌ಡಿಯ ಜರ್ನಲ್ ಬರೆದಿಟ್ಟುಕೊಂಡಿರುತ್ತದೆ. ಸಿಸ್ಟಮ್‌ಡಿ ಎಂದರೆ ಆನ್, ಆಫ್ ಆಗುವಾಗ ಉಳಿದ ಪ್ರೋಗ್ರಾಂಗಳನ್ನು ಶುರುಮಾಡುವ, ನಿಲ್ಲಿಸುವ ಪ್ರೋಗ್ರಾಂ; ಜರ್ನಲ್ ಅದರ ದಿನಚರಿ. ಉಬುಂಟು 15.04ರಿಂದ, ಡೆಬಿಯನ್ 8ರಿಂದ ಈಚೆಗೆ ಇದೇ ವ್ಯವಸ್ಥೆ.

ಟರ್ಮಿನಲ್ ತೆರೆದು ಜರ್ನಲ್‌ಸಿಟಿಎಲ್ -ಬಿ ಎಂದು ಕೊಡಿ. ಈ ಸಲ ಆನ್ ಮಾಡಿದಾಗಿನಿಂದ ಈ ಕ್ಷಣದವರೆಗಿನ ಎಲ್ಲವೂ ಬರುತ್ತದೆ. ಸಾವಿರಾರು ಸಾಲು ಕಂಡು ಗಾಬರಿಯಾಗಬೇಡಿ. ಅದಕ್ಕೆ -ಪಿ ಇಆರ್‌ಆರ್ ಸೇರಿಸಿದರೆ ತಪ್ಪು ಎಂದು ದಾಖಲಾದವು ಮಾತ್ರ ಉಳಿಯುತ್ತವೆ. -ಕೆ ಸೇರಿಸಿದರೆ ಕರ್ನಲ್‌ನ ಮಾತು ಮಾತ್ರ. ಕೆಂಪು ಸಾಲುಗಳೆಲ್ಲ ರೋಗವಲ್ಲ ಎಂಬುದು ನೆನಪಿರಲಿ. ಎಸಿಪಿಐ ಬಯೋಸ್ ಎರರ್ ಎಂದು ಶುರುವಾಗುವ ಸಾಲುಗಳು ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ದಿನಾ ಬರುತ್ತವೆ. ಲ್ಯಾಪ್‌ಟಾಪ್ ತಯಾರಕರ ಫರ್ಮ್‌ವೇರ್‌ನಲ್ಲಿನ ಕೊರತೆಯನ್ನು ಕರ್ನಲ್ ದೂರುತ್ತಿರುತ್ತದೆ, ಕೆಲಸ ಮಾತ್ರ ನಿಲ್ಲುವುದಿಲ್ಲ. ಎಲ್ಲ ಸರಿಯಿರುವ ದಿನ ಒಮ್ಮೆ ಈ ಪಟ್ಟಿ ನೋಡಿಟ್ಟುಕೊಳ್ಳಿ, ಕೆಟ್ಟ ದಿನ ಯಾವುದು ಹೊಸದೆಂದು ತಕ್ಷಣ ತಿಳಿಯುತ್ತದೆ.

ಡಿಎಮ್‌ಇಎಸ್‌ಜಿ ಎಂಬ ಹಳೆಯ ಕಮಾಂಡ್ ಕೂಡ ಇದೆ. ಅದು ತೋರಿಸುವುದು ಮೆಮೊರಿಯಲ್ಲಿರುವ ಕರ್ನಲ್ ಸಂದೇಶಗಳನ್ನಷ್ಟೇ, ರೀಬೂಟ್ ಆದರೆ ಅವು ಹೋಯಿತು. ಈಗಿನ ಉಬುಂಟುವಿನಲ್ಲಿ ಅದಕ್ಕೆ ಸುಡೋ ಬೇಕು, ಅಂದರೆ ಕಮಾಂಡಿನ ಮುಂದೆ ಸುಡೋ ಎಂದು ಸೇರಿಸಿ ನಿರ್ವಾಹಕರ ಅಧಿಕಾರದಲ್ಲಿ ಓಡಿಸಬೇಕು. ದೊಡ್ಡಕ್ಷರದ -ಟಿ ಕೊಟ್ಟರೆ ಗಡಿಯಾರದ ಸಮಯ ಬರುತ್ತದೆ, ಆದರೆ ಲ್ಯಾಪ್‌ಟಾಪ್ ಮಧ್ಯೆ ನಿದ್ದೆಗೆ ಹೋಗಿ ಎದ್ದಿದ್ದರೆ ಆ ಸಮಯ ನಂಬುವಂತಿಲ್ಲ.

ಓಡುವ ಸಾಲುಗಳನ್ನು ಕಣ್ಣಾರೆ ನೋಡಲೇಬೇಕೆಂದರೆ, ಲೋಗೋ ತಿರುಗುತ್ತಿರುವಾಗ ಎಸ್ಕೇಪ್ ಒತ್ತಿ, ಲೋಗೋ ಸರಿದು ಸಾಲುಗಳು ಕಾಣುತ್ತವೆ. ಆಫ್ ಆಗುವಾಗಲೂ ಇದು ನಡೆಯುತ್ತದೆ. ಶಾಶ್ವತವಾಗಿ ಬೇಕಿದ್ದರೆ ಇಟಿಸಿ ಫೋಲ್ಡರ್‌ನೊಳಗಿನ ಡಿಫಾಲ್ಟ್‌ನಲ್ಲಿರುವ ಗ್ರಬ್ (ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ) ಫೈಲ್‌ನಲ್ಲಿ ಕ್ವಯಟ್, ಸ್ಪ್ಲ್ಯಾಶ್ ಎಂಬ ಎರಡು ಪದಗಳನ್ನು ಅಳಿಸಿ ಸುಡೋ ಅಪ್‌ಡೇಟ್-ಗ್ರಬ್ ಕೊಡಿ. ಒಂದೇ ಸಲಕ್ಕೆ ಸಾಕೆಂದರೆ ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನಿಂದ ಅವೇ ಪದಗಳನ್ನು ತೆಗೆದು ಎಫ್10 ಒತ್ತಿ. ಮೆನುವೇ ಕಾಣದಿದ್ದರೆ ಆನ್ ಮಾಡಿದೊಡನೆ ಎಸ್ಕೇಪ್ ಒತ್ತಿನೋಡಿ, ಹಳೆಯ ಬಯೋಸ್ ಯಂತ್ರಗಳಲ್ಲಾದರೆ ಶಿಫ್ಟ್ ಹಿಡಿದಿರಿ.

ಇನ್ನು ನಿಜವಾದ ತಲೆನೋವು, ಶಟ್‌ಡೌನ್.

ಒಂದೂವರೆ ನಿಮಿಷ ಎಂದಿರಿ. ಆ ಅಂಕಿಯೇ ಅರ್ಧ ಉತ್ತರ. ಆಫ್ ಮಾಡುವಾಗ ಸಿಸ್ಟಮ್‌ಡಿ ಪ್ರತಿ ಸರ್ವಿಸ್‌ಗೂ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) 'ಕೆಲಸ ಮುಗಿಸು' ಎಂದು ಸಂಕೇತ ಕಳಿಸುತ್ತದೆ. ಕೇಳದೆ ಕೂತವರಿಗೆ 90 ಸೆಕೆಂಡ್ ಗಡುವು, ಆಮೇಲೆ ಬಲವಂತದ ಮುಕ್ತಾಯ. ಪರದೆಯ ಮೇಲೆ 'ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್ ಫಾರ್' ಎಂದು ಬಂದು ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುತ್ತವಲ್ಲ, ಅದು ಈ ಗಡುವಿನ ಎಣಿಕೆ. ಅಂದರೆ ನಿಮ್ಮಲ್ಲಿ ಯಾವುದೋ ಒಂದು ಪ್ರೋಗ್ರಾಂ ಹೇಳಿದ ಮಾತು ಕೇಳುತ್ತಿಲ್ಲ. ಅದರ ಹೆಸರು ಸಿಕ್ಕರೆ ಕೆಲಸ ಮುಗಿದಂತೆಯೇ.

ಹಾಗೆ ಕಾಯಿಸಿದ ಮೇಲೆ ಮುಂದಿನ ಸಲ ಆನ್ ಮಾಡಿದಾಗ ಜರ್ನಲ್‌ಸಿಟಿಎಲ್ -ಬಿ -1 -ಇ ಕೊಡಿ. ಮೈನಸ್ ಒಂದು ಎಂದರೆ ಹಿಂದಿನ ಬೂಟ್. -ಇ ಎಂದರೆ ನೇರ ಕೊನೆಗೆ ಹೋಗು. ಹಿಂದಿನ ಬೂಟ್‌ನ ಕೊನೆ ಎಂದರೆ ಶಟ್‌ಡೌನ್ ತಾನೇ? ಅಲ್ಲಿಂದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಟೈಮ್ಡ್ ಔಟ್ ಎಂದು ಬರೆದು ಎಂಟರ್ ಹೊಡೆದರೆ ಹುಡುಕಾಟ ಮೇಲ್ಮುಖವಾಗಿ ಹೋಗುತ್ತದೆ. 'ಸ್ಟಾಪ್-ಸಿಗ್‌ಟರ್ಮ್ ಟೈಮ್ಡ್ ಔಟ್, ಕಿಲ್ಲಿಂಗ್' ಎಂಬ ಸಾಲು ಸಿಗುತ್ತದೆ, ಅದರಲ್ಲೇ ಆಸಾಮಿಯ ಹೆಸರಿರುತ್ತದೆ. ಬಲಗಡೆಯ ಮಾತುಗಳಿಗಿಂತ ಎಡಗಡೆಯ ಸಮಯದ ಕಂಬವನ್ನು ಮೊದಲು ನೋಡುವುದು ನನ್ನ ಅಭ್ಯಾಸ: ಎರಡು ಸಾಲುಗಳ ನಡುವೆ 90 ಸೆಕೆಂಡ್‌ನ ಕಂದಕ ಕಂಡರೆ ಕಳ್ಳ ಅಲ್ಲೇ ಇದ್ದಾನೆ. ಹೆಸರು 'ಯೂಸರ್ ಮ್ಯಾನೇಜರ್ ಫಾರ್ ಯುಐಡಿ 1000' ಎಂದಿದ್ದರೆ ತಪ್ಪು ಅದರದ್ದಲ್ಲ. ನಿಮ್ಮ ಲಾಗಿನ್ನಿನೊಳಗೆ ಓಡುತ್ತಿರುವ ಯಾವುದೋ ಪ್ರೋಗ್ರಾಂ ಅದನ್ನು ಹಿಡಿದಿಟ್ಟಿರುತ್ತದೆ, ಆ ಕಂದಕದ ಆಸುಪಾಸಿನ ಸಾಲುಗಳನ್ನೂ ಓದಬೇಕಾಗುತ್ತದೆ.

ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿ ಹೀಗೆ ಹುಡುಕಿದಾಗ ಸಿಕ್ಕಿದ್ದು ನೆಟ್‌ವರ್ಕ್ ಮೂಲಕ ಮೌಂಟ್ ಮಾಡಿದ್ದ, ಅಂದರೆ ಜೋಡಿಸಿಕೊಂಡಿದ್ದ, ಡಿಸ್ಕ್. ವೈಫೈ ಮೊದಲೇ ಕಡಿದುಹೋಗುತ್ತಿತ್ತು, ಡಿಸ್ಕ್ ಬರದ ಉತ್ತರಕ್ಕಾಗಿ ಕಾಯುತ್ತಿತ್ತು. ಡಿಸ್ಕನ್ನು ಬಳಸುವಾಗ ಮಾತ್ರ ಮೌಂಟ್ ಆಗುವಂತೆ ಮಾಡಿದೆ, ಕಾಯುವುದು ನಿಂತಿತು.

-ಬಿ -1 ಕೊಟ್ಟಾಗ ಏನೂ ಬರದಿದ್ದರೆ ಜರ್ನಲ್‌ಸಿಟಿಎಲ್ --ಲಿಸ್ಟ್-ಬೂಟ್ಸ್ ಕೊಟ್ಟು ನೋಡಿ. ಒಂದೇ ಸಾಲು ಬಂದರೆ ಜರ್ನಲ್ ಡಿಸ್ಕ್‌ಗೆ ಇಳಿಯುತ್ತಿಲ್ಲ, ಮೆಮೊರಿಯಲ್ಲೇ ಹುಟ್ಟಿ ಅಲ್ಲೇ ಅಳಿಯುತ್ತಿದೆ. ವಿಎಆರ್ ಫೋಲ್ಡರ್‌ನೊಳಗಿನ ಲಾಗ್‌ನಲ್ಲಿ ಜರ್ನಲ್ ಎಂಬ ಫೋಲ್ಡರನ್ನು ಸುಡೋದಿಂದ ಮಾಡಿ ರೀಬೂಟ್ ಮಾಡಿದರೆ ಸಾಮಾನ್ಯವಾಗಿ ಅಷ್ಟೇ ಸಾಕು. ಡಿಸ್ಕ್ ತುಂಬುವ ಭಯ ಬೇಡ. ಫೈಲ್ ಸಿಸ್ಟಮ್‌ನ ಶೇ. 10ರಷ್ಟು, ಎಷ್ಟೇ ದೊಡ್ಡ ಡಿಸ್ಕ್ ಇದ್ದರೂ 4 ಜಿಬಿ, ಅದಕ್ಕಿಂತ ಹೆಚ್ಚು ಅದು ತಾನಾಗಿ ಬೆಳೆಯುವುದಿಲ್ಲ.

ಗಡುವನ್ನೇ 90ರಿಂದ 10 ಸೆಕೆಂಡ್‌ಗೆ ಇಳಿಸಿ ಎಂಬ ಸಲಹೆ ನಿಮಗೆ ಎಲ್ಲೆಡೆ ಸಿಗುತ್ತದೆ. ನನಗದು ಒಪ್ಪಿಗೆಯಿಲ್ಲ. ಫೆಡೋರಾದವರು 38ನೇ ಆವೃತ್ತಿಯಲ್ಲಿ ಅದನ್ನು 45ಕ್ಕೆ ಇಳಿಸಿದರು, ಅಷ್ಟು ಸರಿ. ಆದರೆ ಡೇಟಾಬೇಸೋ ವರ್ಚುವಲ್ ಯಂತ್ರವೋ ಓಡುತ್ತಿದ್ದರೆ ಡಿಸ್ಕ್‌ಗೆ ಬರೆದು ಮುಗಿಸಲು ಅದಕ್ಕೆ ನಿಜಕ್ಕೂ ಸಮಯ ಬೇಕು. ಕಾರಣ ಹುಡುಕದೆ ಗಡುವು ಕತ್ತರಿಸುವುದು ಯಾವತ್ತೋ ಒಂದು ದಿನ ಡೇಟಾವನ್ನೇ ಕಳೆಯುತ್ತದೆ.

ಕೊನೆಗೆ ಆ ಕಸರತ್ತಿನ ಭಾಗ. ಮದುವೆ ಛತ್ರದಲ್ಲಿ ಲೆಕ್ಕ ಬರೆಯುವವರೂ ಒಂದು ಹೊತ್ತಿಗೆ ಪುಸ್ತಕ ಮುಚ್ಚಿ ಹೊರಡಲೇಬೇಕಲ್ಲ, ಹಾಗೆ ಶಟ್‌ಡೌನ್‌ನ ತುದಿಯಲ್ಲಿ ಜರ್ನಲ್ ಕೂಡ ನಿಲ್ಲುತ್ತದೆ. ಆಮೇಲೆ ಉಳಿದ ಫೈಲ್ ಸಿಸ್ಟಮ್‌ಗಳು ಅನ್‌ಮೌಂಟ್ ಆಗುವುದು, ಉಳಿದ ಪ್ರೋಗ್ರಾಂಗಳನ್ನು ಕೊಲ್ಲುವುದು ಇತ್ಯಾದಿ ಯಾವುದೂ ಅದರಲ್ಲಿರುವುದಿಲ್ಲ. ಜರ್ನಲ್ ಎಲ್ಲ ಸರಿ ಎನ್ನುತ್ತಿದ್ದರೂ ಯಂತ್ರ ತಡಮಾಡುತ್ತಿದ್ದರೆ ಮಾತ್ರ ಇದಕ್ಕೆ ಕೈಹಾಕಿ.

ಯುಎಸ್‌ಆರ್ ಫೋಲ್ಡರ್‌ನೊಳಗೆ ಲಿಬ್, ಅದರೊಳಗೆ ಸಿಸ್ಟಮ್‌ಡಿ, ಅದರೊಳಗೆ ಸಿಸ್ಟಮ್-ಶಟ್‌ಡೌನ್ ಎಂಬ ಫೋಲ್ಡರ್ ಇದೆ. ಅಲ್ಲಿಟ್ಟ ಪ್ರೋಗ್ರಾಂಗಳನ್ನು ಸಿಸ್ಟಮ್‌ಡಿ ಪವರ್ ಕಡಿಯುವ ಮುನ್ನ ಕಟ್ಟಕಡೆಯದಾಗಿ ಓಡಿಸುತ್ತದೆ. ಅಲ್ಲಿ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಇಡಿ, ಓಡಿಸುವ ಅನುಮತಿಯನ್ನು ಮರೆಯದೆ ಕೊಡಿ. ಮಾಮೂಲಿ ತಲೆಸಾಲು (#!/ಬಿನ್/ಎಸ್‌ಎಚ್) ಬಿಟ್ಟರೆ ಅದರಲ್ಲಿ ಮೂರೇ ಸಾಲು: ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯೂ /; ಡಿಎಮ್‌ಇಎಸ್‌ಜಿ > /ಶಟ್‌ಡೌನ್-ಲಾಗ್.ಟಿಎಕ್ಸ್‌ಟಿ; ಮೌಂಟ್ -ಒ ರಿಮೌಂಟ್,ಆರ್‌ಒ /. ಆ ಹೊತ್ತಿಗೆ ರೂಟ್ ಡಿಸ್ಕ್ (ಎಲ್ಲ ಫೋಲ್ಡರ್‌ಗಳ ಬುಡ, ಅದರ ಗುರುತು /) ಓದಲು ಮಾತ್ರ ಎಂಬ ಸ್ಥಿತಿಗೆ ಹೋಗಿರುತ್ತದೆ. ಅದನ್ನು ಕ್ಷಣಕಾಲ ಬರೆಯಲು ತೆರೆದು, ಕರ್ನಲ್‌ನ ಸಂದೇಶಗಳನ್ನು ಫೈಲ್‌ಗೆ ಸುರಿದು, ಮತ್ತೆ ಮುಚ್ಚುತ್ತದೆ, ಅಷ್ಟೇ. ಸಿಸ್ಟಮ್‌ಡಿಯ ಮಾತೂ ಅದರಲ್ಲಿ ವಿವರವಾಗಿ ಬರಬೇಕಾದರೆ ಗ್ರಬ್‌ನ ಅದೇ ಸಾಲಿಗೆ ಸಿಸ್ಟಮ್‌ಡಿ.ಲಾಗ್_ಲೆವೆಲ್=ಡೀಬಗ್, ಸಿಸ್ಟಮ್‌ಡಿ.ಲಾಗ್_ಟಾರ್ಗೆಟ್=ಕೆಎಮ್‌ಎಸ್‌ಜಿ, ಲಾಗ್_ಬಫ್_ಲೆನ್=1ಎಂ ಸೇರಿಸಿ; ಕೊನೆಯ ಎಂ ದೊಡ್ಡಕ್ಷರ, ಮಧ್ಯೆ ಅಲ್ಪವಿರಾಮ ಬೇಡ, ಒಂದೊಂದು ಜಾಗ ಬಿಟ್ಟರೆ ಸಾಕು. ಮುಂದಿನ ಸಲ ಆನ್ ಮಾಡಿದಾಗ ಆ ಫೈಲ್ ರೂಟ್‌ನಲ್ಲಿ ಕಾದಿರುತ್ತದೆ.

ಆ ಸ್ಕ್ರಿಪ್ಟ್‌ವರೆಗೂ ತಲುಪದೆ ಯಂತ್ರ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಸುಡೋ ಸಿಸ್ಟಮ್‌ಸಿಟಿಎಲ್ ಎನೇಬಲ್ ಡೀಬಗ್-ಶೆಲ್ ಕೊಟ್ಟು ರೀಬೂಟ್ ಮಾಡಿ. ಸಿಕ್ಕಿಕೊಂಡಾಗ ಕಂಟ್ರೋಲ್, ಆಲ್ಟ್, ಎಫ್9 ಒಟ್ಟಿಗೆ ಒತ್ತಿದರೆ ರೂಟ್ ಶೆಲ್ (ಪೂರ್ಣ ಅಧಿಕಾರದ ಕಮಾಂಡ್ ಪರದೆ) ತೆರೆದಿರುತ್ತದೆ; ಅಲ್ಲಿ ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್ ಎಂದರೆ ಯಾರಿಗಾಗಿ ಕಾಯುತ್ತಿದೆ ಎಂದು ನೇರವಾಗಿ ತೋರಿಸುತ್ತದೆ. ಅದು ಪಾಸ್‌ವರ್ಡ್ ಕೇಳದ ರೂಟ್ ಶೆಲ್. ನಿಮ್ಮ ಲ್ಯಾಪ್‌ಟಾಪ್ ಮುಂದೆ ಕೂತ ಯಾರು ಬೇಕಾದರೂ ಅದನ್ನು ಬಳಸಬಹುದು, ಆದ್ದರಿಂದ ಕಾರಣ ಸಿಕ್ಕ ದಿನವೇ ಅದೇ ಕಮಾಂಡನ್ನು ಡಿಸೇಬಲ್ ಎಂದು ಕೊಟ್ಟು ಮುಚ್ಚಿಬಿಡಿ.