ಬೆಲ್ಲ ಹಾಕಿದರೆ ಸಾಕಾ?

ಖಾಲಿ ಹೊಟ್ಟೆಯಲ್ಲಿ ಶುಗರ್ 112, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 6.0 ಬಂದಿದೆ, ಸಕ್ಕರೆ ಬಿಟ್ಟು ನಮ್ಮ ಮಂಡ್ಯದ ಬೆಲ್ಲ ಹಾಕಿಕೊಂಡರೆ ಸಾಕಾ ಅಂತ ಕೇಳಿದ್ದೀರಿ. ಸಾಲದು ಸಾರ್. ಆಲೆಮನೆ ಬೆಲ್ಲವೂ ರಕ್ತಕ್ಕೆ ಸೇರಿದ ಮೇಲೆ ಸಕ್ಕರೆಯೇ.

ಖಾಲಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಪ್ರಿ‌ಡಯಾಬಿಟಿಸ್ ಅನ್ನುತ್ತಾರೆ, ಸಕ್ಕರೆ ಕಾಯಿಲೆಗೆ ಮುಂಚಿನ ಹಂತ. ಅಂದರೆ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಸರಿಯಾಗಿ ಕೇಳುತ್ತಿಲ್ಲ. ಏನೂ ನೋವಿಲ್ಲ ಅಂತ ಸುಮ್ನೆ ಇರಬೇಡಿ, ಹೃದಯದ ಕಾಯಿಲೆಯ ಅಪಾಯ ಈ ಹಂತದಲ್ಲೇ ಜಾಸ್ತಿಯಾಗುತ್ತದೆ.

ಆದರೆ ಇಲ್ಲಿಂದ ವಾಪಸ್ ಬರಬಹುದು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ತೂಕ ಶೇ 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇ 31 ಮಾತ್ರ.

ಮುದ್ದೆ ಬಿಡಬೇಕಿಲ್ಲ, ಗಾತ್ರ ಇಳಿಸಿ. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ ಅಲ್ವಾ? (ನಮ್ಮ ಮನೆಯಲ್ಲಿ ಇದನ್ನು ಹೇಳಿ ಬೈಸಿಕೊಂಡಿದ್ದೇನೆ.) ಬಸ್ಸಾರಿನ ಸೊಪ್ಪು, ಕಾಳು ಜಾಸ್ತಿ ಹಾಕಿಕೊಳ್ಳಿ. ಮುದ್ದೆ ಮೇಲೆ ಮತ್ತೆ ಅನ್ನ ಬೇಡ. ಮೂರು ತಿಂಗಳು ಬಿಟ್ಟು ಎಚ್‌ಬಿಎ1ಸಿ ಮತ್ತೆ ಮಾಡಿಸಿ, ಡಾಕ್ಟರಿಗೆ ತೋರಿಸಿ.