ಪ್ರತಿ: ಪದಗಳೆಲ್ಲ ಗೊತ್ತು, ಆದರೂ ಕೊರಿಯನ್ ಕಥೆಯ ವಾಕ್ಯ ಕೈಗೆ ಸಿಗುತ್ತಿಲ್ಲ

‘ಹುಂಗ್ಬು ಮತ್ತು ನೋಲ್ಬು’ ಜನಪದ ಕಥೆಯ ಪದಗಳೆಲ್ಲ ಗೊತ್ತಿದ್ದೂ ವಾಕ್ಯ ಬಿಡಿಸಲಾಗದಿರಲು ಬಹುಶಃ ಒಂದೇ ಕಾರಣ: ನೀವು ಅದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸುತ್ತಿದ್ದೀರಿ. ನನಗೂ ಹಾಗೇ ಆಗಿತ್ತು. ನೇರವಾಗಿ ಕನ್ನಡಕ್ಕೆ ತನ್ನಿ. ‘ದಾರಿಗಾ ಬುರೊಜಿನ್ ಜೇಬಿ’ ಎಂದರೆ ‘ಕಾಲು ಮುರಿದ ಅಂಬರಗುಬ್ಬಿ’. ಪದಕ್ಕೆ ಪದ, ಅದೇ ಸಾಲು! ಇಂಗ್ಲಿಷಿನಲ್ಲಿ ಹಕ್ಕಿ ಮುಂದೆ ಬಂದು ಕಾಲು ಹಿಂದೆ ಬೀಳುತ್ತದೆ.

ಮೊದಲು ಒಂದೇ ಪುಟದಲ್ಲಿ ವಾಕ್ಯಗಳ ಕೊನೆಯ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ನಿಘಂಟಿನಲ್ಲಿ ಸಿಗದಿದ್ದರೆ ಬಾಲ ಕತ್ತರಿಸಿ ‘ದಾ’ ಸೇರಿಸಿ: ‘ಸಾರಾಸ್ಸುಮ್ನಿದಾ’ (ಬಾಳುತ್ತಿದ್ದರು) ‘ಸಾಲ್ದಾ’ ಆಗುತ್ತದೆ. ಕೆಲವು ಇದಕ್ಕೆ ಬಗ್ಗುವುದಿಲ್ಲ. ‘ದೊವಾತ್ತಾ’ (ಸಹಾಯ ಮಾಡಿದ) ಎಂಬುದರ ಮೂಲ ‘ದೊಪ್ತಾ’. ಅಂಥವನ್ನು ಬೇರೆಯೇ ಬರೆದಿಟ್ಟುಕೊಳ್ಳಿ.

ಆಮೇಲೆ ನಾಮಪದದ ಬಾಲಗಳನ್ನು ನೋಡಿ. ‘ಉಲ್’, ‘ರುಲ್’ ನಮ್ಮ ‘ಅನ್ನು’. ‘ಎಗೆ’ಯಂತೂ ಕಿವಿಗೂ ನಮ್ಮ ‘ಗೆ’ಯಂತೆಯೇ ಕೇಳಿಸುತ್ತದೆ. ಕೊನೆಗೆ ಆ ಪುಟವನ್ನು ಎರಡು ಸಲ ಗಟ್ಟಿಯಾಗಿ ಓದಿ.

ನಿಮ್ಮ ಪುಸ್ತಕ ಯಾವ ಹಂತದ್ದೆಂದು ಬರೆದಿಲ್ಲ, ಆದ್ದರಿಂದ ಇದೊಂದು ಅಂದಾಜು: ಇಷ್ಟಾದ ಮೇಲೂ ಪುಟಕ್ಕೆ ಹತ್ತಕ್ಕಿಂತ ಹೆಚ್ಚು ಪದ ಹುಡುಕಬೇಕಾದರೆ, ಅದೇ ಕಥೆಯ ಇನ್ನೂ ಸರಳವಾದ ಮಕ್ಕಳ ಆವೃತ್ತಿಯಿಂದ ಶುರುಮಾಡಿ.