ಬೇಲಿ ದಾಟಿ ಬಂದ ನಾಯಿ: ಉಳಿಸಿಕೊಳ್ಳಬೇಕೆ, ಹಿಂತಿರುಗಿಸಬೇಕೆ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನಲ್ಲಿ ಒಂದು ಸಣ್ಣ ಕಾಫಿ ತೋಟ. ಆಷಾಢದ ಮಳೆ ಹಿಡಿದಿದ್ದಾಗ ಕಂದು ಬಣ್ಣದ ಹೆಣ್ಣುನಾಯಿಯೊಂದು ಕಣದ ಪಕ್ಕದ ಶೆಡ್ಡಿಗೆ ಬಂದು ಮಲಗಿತು. ಲ್ಯಾಬ್ರಡಾರ್ ಮಿಶ್ರತಳಿಯಂತೆ ಕಾಣುತ್ತದೆ. ಪಕ್ಕೆಲುಬು ಎಣಿಸಬಹುದು, ಉಗುರುಗಳು ಬೆಳೆದು ಬಾಗಿವೆ, ಕೊರಳ ಸುತ್ತ ಗಾಯವಾಗಿ ವಾಸನೆ ಬರುತ್ತಿತ್ತು, ತುಂಡಾದ ಬೆಲ್ಟು ಜೋತಾಡುತ್ತಿತ್ತು. ನಮ್ಮ ಅತ್ತೆಯವರು ಅನ್ನ ಹಾಕಿದ ಮೇಲೆ ಅದು ಎಲ್ಲಿಗೂ ಹೋಗಿಲ್ಲ. ಈಗ ಡೇರಿಗೆ ಹಾಲು ಹಾಕಲು ಬರುವವರೊಬ್ಬರು, ಅದು ಪಕ್ಕದ ಊರಿನ ಒಂದು ಮನೆಯ ನಾಯಿ, ಅಲ್ಲಿ ಅದನ್ನು ಹಗಲೂ ರಾತ್ರಿ ಕೊಟ್ಟಿಗೆಯ ಹಿಂದೆ ಕಟ್ಟಿಹಾಕಿರುತ್ತಿದ್ದರು ಎನ್ನುತ್ತಾರೆ. ಕೊಡಲೇಬಾರದು ಎಂದು ಮಗಳ ಹಟ. ಇನ್ನೊಬ್ಬರ ನಾಯಿ ಇಟ್ಟುಕೊಂಡು ಊರಲ್ಲಿ ನಿಷ್ಠುರವಾಗುವುದು ಬೇಡ ಎಂದು ಯಜಮಾನರ ಮಾತು. ನಾವೇನು ಮಾಡಬೇಕು?
– ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ನಾಯಿಯನ್ನು ಸದ್ಯಕ್ಕೆ ನಿಮ್ಮಲ್ಲೇ ಇರಿಸಿಕೊಳ್ಳಿ, ಆದರೆ ಬಚ್ಚಿಡಬೇಡಿ. ನಿಮ್ಮ ಮಗಳೂ ಯಜಮಾನರೂ ಒಂದೇ ಊಹೆಯ ಮೇಲೆ ವಾದ ಮಾಡುತ್ತಿದ್ದಾರೆ: ನಾಯಿ ಆ ಮನೆಯದು, ಅದರ ಈ ಅವಸ್ಥೆಗೆ ಆ ಮನೆಯವರೇ ಕಾರಣ ಎಂದು. ಇವೆರಡೂ ಇನ್ನೂ ಖಚಿತವಾಗಿಲ್ಲ. ಹಾಲು ಹಾಕಲು ಬಂದವರ ಮಾತು ನಿಜವೂ ಇರಬಹುದು, ಕಂದು ನಾಯಿಗಳೆಲ್ಲ ದೂರದಿಂದ ಒಂದೇ ತರಹ ಕಂಡಿರಲೂಬಹುದು.

ಮೊದಲು ನಾಯಿಯ ಮೈಯನ್ನೇ ಸಮಾಧಾನವಾಗಿ ನೋಡಿ. ಸೊರಗಿದ ನಾಯಿಯೆಲ್ಲ ಉಪವಾಸ ಕೆಡವಿದ ನಾಯಿಯಾಗಿರುವುದಿಲ್ಲ. ನಿಮ್ಮ ತಾಲ್ಲೂಕಿನಲ್ಲಿ, ಪಕ್ಕದ ಆಲೂರು, ಬೇಲೂರುಗಳಲ್ಲಿ ಆನೆ ಓಡಿಸಲು ಪಟಾಕಿ ಸಿಡಿಸುವುದು ಮಾಮೂಲು. ಆ ಸದ್ದಿಗೆ ಬೆದರಿ ಹಗ್ಗ ಕಿತ್ತುಕೊಂಡು ಓಡಿದ ಸಾಕುನಾಯಿ ಮಳೆಯಲ್ಲಿ ವಾಸನೆಯ ಜಾಡು ತಪ್ಪಿ ಕೆಲವು ವಾರ ತೋಟದಿಂದ ತೋಟಕ್ಕೆ ಅಲೆದರೆ ಅದರ ಪಕ್ಕೆಲುಬುಗಳೂ ಹೀಗೆಯೇ ಎದ್ದು ಕಾಣುತ್ತವೆ. ಜಂತುಹುಳು ತುಂಬಿದ ನಾಯಿಯೂ, ಉಣುಗಿನಿಂದ ರಕ್ತ ಕಳೆದುಕೊಂಡು ಜ್ವರ ಹಿಡಿದ ನಾಯಿಯೂ ಹೊಟ್ಟೆ ತುಂಬ ತಿಂದೂ ಸೊರಗುತ್ತವೆ. ತುಟಿ ಎತ್ತಿ ಒಸಡು ನೋಡಿ. ಅದು ಬಿಳಚಿಕೊಂಡಿದ್ದರೆ ರಕ್ತಹೀನತೆಯ ಸೂಚನೆ.

ಕೊರಳಿನ ಗಾಯದ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ನಿಮ್ಮ ಮನೆಯವರ ಸಿಟ್ಟೆಲ್ಲ ಅದರ ಮೇಲೆಯೇ ನಿಂತಂತಿದೆ. ಕಾಡುಹಂದಿಗೆಂದು ಬೇಲಿಯಂಚಿನಲ್ಲಿ ಕದ್ದು ಒಡ್ಡುವ ತಂತಿ ಉರುಳಿಗೆ ನಾಯಿಗಳೂ ಸಿಗುತ್ತವೆ. ಉರುಳಿನ ಗಾಯ ಸಾಮಾನ್ಯವಾಗಿ ಕಿರಿದಾಗಿ, ಚಾಕುವಿನಿಂದ ಗೆರೆ ಎಳೆದಂತೆ, ಹಸಿಯಾಗಿರುತ್ತದೆ. ನಾಯಿ ಜಗ್ಗಿದ ಕಡೆಗೆ ಒಂದು ಬದಿಯಲ್ಲಿ ಹೆಚ್ಚು ಆಳವಾಗಿರುತ್ತದೆ. ಮರಿಯಾಗಿದ್ದಾಗ ಕಟ್ಟಿದ ಬೆಲ್ಟನ್ನು ಸಡಿಲಿಸದೆ ಬಿಟ್ಟದ್ದರಿಂದಾದ ಗಾಯ ಹಾಗಲ್ಲ: ಅದು ಬೆಲ್ಟಿನಷ್ಟೇ ಅಗಲವಿದ್ದು, ಅಂಚುಗಳು ದಪ್ಪಗಟ್ಟಿ, ಕೂದಲು ಉದುರಿ, ಕೆಲವೊಮ್ಮೆ ಚರ್ಮವೇ ಪಟ್ಟಿಯ ಮೇಲೆ ಬೆಳೆದಿರುತ್ತದೆ, ಹೀಗಾಗಲು ತಿಂಗಳುಗಳೇ ಹಿಡಿಯುತ್ತವೆ. ಇದರ ಜೊತೆಗೆ ಮೊಣಕೈಗಳಲ್ಲಿ ಸಿಮೆಂಟಿನ ಮೇಲೆ ಮಲಗಿ ಮಲಗಿ ಬಂದ ಬೊಕ್ಕ ಗಂಟುಗಳು, ಸರಪಳಿ ಕಚ್ಚಿ ಸವೆದ ಕೋರೆಹಲ್ಲುಗಳು, ನಡೆದಾಡದೆ ಸುತ್ತಿಕೊಂಡ ಉಗುರುಗಳು ಎಲ್ಲವೂ ಒಟ್ಟಿಗೆ ಕಂಡರೆ ಬಹುಕಾಲ ಕಟ್ಟಿಹಾಕಿದ್ದರೆಂದು ನಂಬಲು ಕಾರಣವಿದೆ. ಒಂದೊಂದನ್ನೇ ಹಿಡಿದುಕೊಂಡು ಹಾಗೆ ಹೇಳಲಾಗದು. ನೀವು ಬರೆದಿರುವ ಬಾಗಿದ ಉಗುರು ಮತ್ತು ತುಂಡು ಬೆಲ್ಟು ನಿಮ್ಮ ಮಗಳ ಸಂಶಯದ ಕಡೆಗೇ ವಾಲುತ್ತವೆ ಎಂಬುದನ್ನು ಒಪ್ಪುತ್ತೇನೆ. ಆ ತುಂಡು ಬೆಲ್ಟನ್ನು ಎಸೆಯದೆ ಎತ್ತಿಡಿ.

ಎರಡನೆಯದಾಗಿ, ಈ ನೋಟವನ್ನು ಪಶುವೈದ್ಯರು ಬರೆದುಕೊಡಬೇಕು. ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಗೆ ಕರೆದೊಯ್ದು, ಚಿಕಿತ್ಸೆಯ ಜೊತೆಗೆ ದಿನಾಂಕ, ತೂಕ, ಅಂದಾಜು ವಯಸ್ಸು, ಗಾಯ ಎಷ್ಟು ಹಳೆಯದೆಂಬ ಅಭಿಪ್ರಾಯ ಇವಿಷ್ಟನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಗಾಯ ಆಳವಾಗಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವುದು ಲೇಸು. ಅದು ನಿಮಗೆ ಸುಮಾರು 40 ಕಿಲೋಮೀಟರ್ ದೂರ. ಚರ್ಮದಡಿ ಮಾಲೀಕರ ಗುರುತು ತಿಳಿಸುವ ಮೈಕ್ರೋಚಿಪ್ ಇದೆಯೇ ಎಂದು ಕೇಳಿ. ನಮ್ಮ ಕಡೆಯ ನಾಯಿಗಳಲ್ಲಿ ಅಪರೂಪ, ಆದರೆ ಇದ್ದರೆ ಮಾಲೀಕರ ಪ್ರಶ್ನೆ ಅಲ್ಲಿಗೇ ತೀರುತ್ತದೆ. ಮನೆಯಲ್ಲಿ ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ: ಕಾಫಿ ಹಣ್ಣು ತೂಗುವ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆದರಾಯಿತು. ಬರೀ ಅನ್ನ ಹಾಕಿ ನೋಡಿಕೊಂಡದ್ದರಿಂದಲೇ ತೂಕ ಏರುತ್ತ ಹೋದರೆ ಅದು ಹಸಿವಿನಿಂದ ಸೊರಗಿತ್ತೆಂಬುದಕ್ಕೆ ಒಳ್ಳೆಯ ಸಾಕ್ಷಿ.

ಅನ್ನದ ವಿಚಾರದಲ್ಲಿ ನಿಮ್ಮ ಅತ್ತೆಯವರ ಕೈಯನ್ನು ಸ್ವಲ್ಪ ಹಿಡಿಯಬೇಕಾಗುತ್ತದೆ. ಬಹಳ ದಿನ ಉಪವಾಸವಿದ್ದ ಪ್ರಾಣಿಗೆ ಒಮ್ಮೆಲೇ ಹೊಟ್ಟೆ ಬಿರಿಯ ಹಾಕಿದರೆ ರಕ್ತದಲ್ಲಿನ ಲವಣಾಂಶಗಳು, ಮುಖ್ಯವಾಗಿ ರಂಜಕ, ಥಟ್ಟನೆ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಮೊದಲ ಕೆಲವು ದಿನ ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೂಳೆ ಬಿಡಿಸಿದ ಕೋಳಿಮಾಂಸವನ್ನೋ ಮೊಟ್ಟೆಯನ್ನೋ ಕಲಸಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಹಾಕಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ. ಉಣುಗಿಗೆಂದು ದನಗಳಿಗೆ ಬಳಿಯುವ ಔಷಧಿಯನ್ನು ಅಂದಾಜಿನಲ್ಲಿ ಕಲಸಿ ಸುರಿಯುವುದು, ಕಜ್ಜಿಗೆ ಗ್ಯಾರೇಜಿನ ಹಳೆಯ ಆಯಿಲ್ ಹಚ್ಚುವುದು ಇವು ನಮ್ಮ ಕಡೆ ಇನ್ನೂ ನಡೆದುಕೊಂಡು ಬಂದಿವೆ; ನಾಯಿ ಮೈ ನೆಕ್ಕಿಕೊಳ್ಳುತ್ತದೆ ಎಂಬುದನ್ನು ಯಾರೂ ನೆನೆಯುವುದಿಲ್ಲ.

ರೇಬಿಸ್ ವಿಚಾರದಲ್ಲಿ ಮಾತ್ರ ಕರುಣೆಗಿಂತ ಎಚ್ಚರ ಮುಂದಿರಲಿ. ಈ ನಾಯಿಗೆ ಲಸಿಕೆ ಆಗಿದೆಯೋ ಇಲ್ಲವೋ, ಅದನ್ನು ಬೇರೆ ನಾಯಿ ಕಚ್ಚಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ. ಸೋಂಕು ತಗುಲಿದ ನಾಯಿಯಲ್ಲಿ ಲಕ್ಷಣ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಇಷ್ಟು ದಿನ ಚೆನ್ನಾಗಿತ್ತು ಎಂಬ ಮಾತು ಸಾಲದು. ಹುಚ್ಚುನಾಯಿ ಎಂದರೆ ಎಗರಿ ಕಚ್ಚುವುದೊಂದೇ ಅಲ್ಲ. ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ, ನೀರು ನುಂಗಲಾಗದೆ ಮಂಕಾಗಿ ಕೂರುವ ಬಗೆಯೂ ಇದೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದುಕೊಂಡು ಅಂಥ ನಾಯಿಯ ಬಾಯಿಗೆ ಕೈಹಾಕುವುದು ಪ್ರಾಣಕ್ಕೇ ಸಂಚಕಾರ ತರುವಂಥದ್ದು. ಯಾರಿಗಾದರೂ ಹಲ್ಲು ಅಥವಾ ಉಗುರು ತಾಗಿದರೆ, ಇಲ್ಲವೇ ಅದು ತರಚು ಗಾಯ ನೆಕ್ಕಿದರೆ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ಹೇಳಿದಷ್ಟೂ ಚುಚ್ಚುಮದ್ದನ್ನು ಪೂರೈಸಿ. ನಾಯಿಗೆ ಲಸಿಕೆಯನ್ನು ಯಾವಾಗ ಹಾಕಿಸಬೇಕೆಂಬುದನ್ನು ಅದರ ಶಕ್ತಿ ನೋಡಿ ವೈದ್ಯರು ಹೇಳುತ್ತಾರೆ.

ಇನ್ನು ಕಾನೂನು. ಸಾಕುನಾಯಿ ಕಾನೂನಿನ ಕಣ್ಣಿನಲ್ಲಿ ಮಾಲೀಕರ ಸ್ವತ್ತು. 1872ರ ಕರಾರು ಅಧಿನಿಯಮದ 71ನೇ ಕಲಮಿನಂತೆ, ಕಳೆದುಹೋದದ್ದನ್ನು ಸಿಕ್ಕವರು ತಮ್ಮ ವಶಕ್ಕೆ ತೆಗೆದುಕೊಂಡರೆ ಅದನ್ನು ಜೋಪಾನ ಮಾಡುವ ಹೊಣೆ ಅವರದು. 168ನೇ ಕಲಮಿನಂತೆ ಅದನ್ನು ಉಳಿಸಲು ಮತ್ತು ಮಾಲೀಕರನ್ನು ಹುಡುಕಲು ಮಾಡಿದ ಖರ್ಚು ಕೈಸೇರುವ ತನಕ ತಡೆಹಿಡಿಯಲೂಬಹುದು. ಆದ್ದರಿಂದ ಔಷಧಿಯ ರಸೀದಿಗಳನ್ನು ಎತ್ತಿಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು ಹೇಳುವುದಿಷ್ಟು: ಮಾಲೀಕರಿಗಾಗಿ ಕಾಪಾಡಲು, ಹಿಂತಿರುಗಿಸಲು ಎತ್ತಿಕೊಂಡರೆ ಅಪರಾಧವಿಲ್ಲ; ಮಾಲೀಕರಾರೆಂದು ತಿಳಿದೂ, ಅಥವಾ ತಿಳಿಯುವ ದಾರಿಯಿದ್ದೂ ವಿಚಾರಿಸದೆ, ತಮ್ಮದಾಗಿಸಿಕೊಂಡರೆ ಅಪರಾಧ. ಹಾಲಿನವರು ಮನೆ ತೋರಿಸಿದ ಮೇಲೆ ನೀವು ಸುಮ್ಮನಿರುವಂತಿಲ್ಲ ಎಂಬುದು ಇದರ ತಾತ್ಪರ್ಯ.

ಹಾಗಾಗಿ ಆ ಮನೆಗೆ ಹೋಗಿ ಬನ್ನಿ, ಆದರೆ ನಾಯಿಯನ್ನು ಕರೆದೊಯ್ಯಬೇಡಿ. ಮಗಳ ಬದಲು ಯಜಮಾನರೂ, ಎರಡೂ ಕಡೆಗೆ ಬೇಕಾದ ಹಿರಿಯರೊಬ್ಬರೂ ಹೋಗುವುದು ಒಳ್ಳೆಯದು. "ನಿಮ್ಮ ನಾಯಿ ನಮ್ಮಲ್ಲಿದೆ" ಎಂದು ಆರಂಭಿಸದೆ, "ನಿಮ್ಮ ನಾಯಿ ತಪ್ಪಿಸಿಕೊಂಡಿದೆಯಂತೆ, ಹೌದೇ?" ಎಂದು ಕೇಳಿ, ಗುರುತುಗಳನ್ನು ಅವರೇ ಹೇಳಲು ಬಿಡಿ. ಹಳೆಯ ಫೋಟೊ, ಲಸಿಕೆ ಪುಸ್ತಕ ಇದ್ದರೆ ತೋರಿಸಲಿ. ಅಲ್ಲಿ ನಾಯಿ ಕಟ್ಟುತ್ತಿದ್ದ ಜಾಗವನ್ನು ಕಣ್ಣಾರೆ ನೋಡಿ: ಸರಪಳಿ ಎಷ್ಟು ಉದ್ದ, ಮಳೆಗೆ ಮರೆ ಇದೆಯೇ, ನೀರಿನ ಪಾತ್ರೆ ಸರಪಳಿಗೆ ಎಟಕುವಷ್ಟು ಹತ್ತಿರವಿದೆಯೇ. ಮಕ್ಕಳೆಲ್ಲ ಬೆಂಗಳೂರು ಸೇರಿ ಮಂಡಿನೋವಿನ ಅಜ್ಜ ಒಬ್ಬರೇ ಉಳಿದ ಮನೆಗಳಲ್ಲಿ, ಬಿಚ್ಚಿದರೆ ಮತ್ತೆ ಹಿಡಿದು ಕಟ್ಟಲಾಗದೆಂಬ ಒಂದೇ ಕಾರಣಕ್ಕೆ ನಾಯಿ ಕಟ್ಟಿದಲ್ಲೇ ಉಳಿಯುತ್ತದೆ. ಅಂಥವರಿಗೆ ಬೈದು ಪ್ರಯೋಜನವಿಲ್ಲ. "ಅದು ನಮ್ಮಲ್ಲಿಯೇ ಇರಲಿ, ನಾವು ನೋಡಿಕೊಳ್ಳುತ್ತೇವೆ" ಎಂದರೆ ಅವರಿಗೂ ಹಗುರವಾದೀತು. ಅವರು ಒಪ್ಪಿದರೆ, ಸ್ವಇಚ್ಛೆಯಿಂದ ಕೊಟ್ಟಿರುವುದಾಗಿ ಎರಡು ಸಾಲು ಬರೆಸಿ ದಿನಾಂಕ ಹಾಕಿ ಸಹಿ ಮಾಡಿಸಿಕೊಳ್ಳಿ. ಸಂಕೋಚವೆನಿಸಿದರೂ ಇದನ್ನು ಬಿಡಬೇಡಿ. ನಾಯಿ ದಷ್ಟಪುಷ್ಟವಾದ ಮೇಲೆ ಮನಸ್ಸು ಬದಲಾಗುವುದುಂಟು.

ಅವರು ನಿಜಕ್ಕೂ ಹುಡುಕುತ್ತಿದ್ದು, ಗಾಯ ಉರುಳಿನದೆಂದು ವೈದ್ಯರೂ ಹೇಳಿದರೆ, ಮಗಳಿಗೆ ಎಷ್ಟೇ ಬೇಸರವಾದರೂ ನಾಯಿ ಅವರದು. ಗಾಯ ಬೆಲ್ಟಿನದೇ ಆಗಿದ್ದು, ಅವರು ಪಟ್ಟುಹಿಡಿದು ಕೇಳಿದರೆ ಮಾತ್ರ ಕಷ್ಟದ ದಾರಿ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ 11ನೇ ಕಲಮು ಗಿಡ್ಡ ಸರಪಳಿಯಲ್ಲಿ ಮಿತಿಮೀರಿ ಕಟ್ಟುವುದನ್ನೂ, ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದನ್ನೂ ಅಪರಾಧವೆನ್ನುತ್ತದೆ. ಆದರೆ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ! ಅಂದು ಬರೆದ ಮೊತ್ತ ಇಂದಿಗೂ ಅಷ್ಟೇ ಇರುವುದು ನಾಚಿಕೆಗೇಡು. ಮೇಲಾಗಿ ಇವು ಪೊಲೀಸರು ತಾವಾಗಿಯೇ ತನಿಖೆಗೆ ಇಳಿಯಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲ. ಮ್ಯಾಜಿಸ್ಟ್ರೇಟರ ಅನುಮತಿ ಬೇಕಾಗುತ್ತದೆ. ಹೀಗಿದ್ದರೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಜಿಲ್ಲಾ ಪ್ರಾಣಿ ದಯಾ ಸಂಘಕ್ಕೂ ಕಳುಹಿಸಿ. ತಪ್ಪು ಸಾಬೀತಾಗಿ, ಹಿಂತಿರುಗಿಸಿದರೆ ಮತ್ತೆ ಹಿಂಸೆಯಾದೀತೆಂದು ಮನವರಿಕೆಯಾದರೆ, ಪ್ರಾಣಿಯನ್ನು ಮಾಲೀಕರಿಂದ ಬಿಡಿಸುವ ಅಧಿಕಾರ 29ನೇ ಕಲಮಿನಲ್ಲಿ ನ್ಯಾಯಾಲಯಕ್ಕಿದೆ. ವೈದ್ಯರ ಚೀಟಿ, ತೂಕದ ಲೆಕ್ಕ, ತುಂಡು ಬೆಲ್ಟು ಕೆಲಸಕ್ಕೆ ಬರುವುದು ಆಗ. ನನ್ನ ಅನಿಸಿಕೆಯಲ್ಲಿ ಸಂಗತಿ ಅಷ್ಟು ದೂರ ಹೋಗುವುದಿಲ್ಲ. ದೂರಿನ ಮಾತು ಕಿವಿಗೆ ಬಿದ್ದರೆ ಸಾಕು, ಹೆಚ್ಚಿನವರು ನಾಯಿಯ ಆಸೆ ಬಿಡುತ್ತಾರೆ.

ಪ್ರಶ್ನೆ: ಕೊಯ್ಲು ಮುಗಿದು ಕಾರ್ಮಿಕರು ತಮ್ಮ ಊರಿಗೆ ಹೋದ ಮೇಲೆ ಅವರಿದ್ದ ಸಾಲುಮನೆಗಳ (ಲೈನ್ ಮನೆಗಳ) ಹತ್ತಿರ ಒಂದು ತಾಯಿನಾಯಿಯೂ ಮರಿಗಳೂ ಉಳಿದಿವೆ. ಘಾಟಿಯಲ್ಲಿ ಬಿಟ್ಟು ಬರೋಣ, ಪ್ರವಾಸಿಗರು ತಿಂಡಿ ಹಾಕುತ್ತಾರೆ ಎಂದು ತೋಟದ ಲೆಕ್ಕ ನೋಡುವ ರೈಟರು ಹೇಳುತ್ತಾರೆ. ಸರಿಯೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸರಿಯಲ್ಲ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಿಟ್ಟ ನಾಯಿ ಲಾರಿಯ ಗಾಲಿಗೋ ಚಿರತೆಯ ಬಾಯಿಗೋ ಸಿಗುತ್ತದೆ; ಉಳಿದರೆ ಕಾಡಿನ ಪ್ರಾಣಿಗಳಿಗೆ ರೋಗ ಹರಡುತ್ತದೆ. ಬೀದಿನಾಯಿಯನ್ನು ಕೂಡ ಶಸ್ತ್ರಚಿಕಿತ್ಸೆ, ಲಸಿಕೆಯ ನಂತರ ಹಿಡಿದ ಜಾಗಕ್ಕೇ ಬಿಡಬೇಕೆಂಬುದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಮೂಲ ನೀತಿ. ಕಾರ್ಮಿಕರನ್ನು ಕರೆತಂದ ಮೇಸ್ತ್ರಿಗೆ ಮೊದಲು ಫೋನ್ ಮಾಡಿಸಿ. ಬಸ್ಸಿನಲ್ಲಿ ಹತ್ತಿಸಿಕೊಳ್ಳದ ಕಾರಣಕ್ಕೆ ಬಿಟ್ಟುಹೋಗಿ, ಮುಂದಿನ ಕೊಯ್ಲಿಗೆ ಬಂದಾಗ ಹುಡುಕುವವರಿದ್ದಾರೆ. ಯಾರೂ ಇಲ್ಲವೆಂದಾದರೆ, ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಸಂತಾನಹರಣ ಮಾಡಿಸಿ ತೋಟದಲ್ಲೇ ಇರಿಸಿಕೊಳ್ಳಿ. ಮರಿಗಳನ್ನು ಎರಡು ತಿಂಗಳು ತುಂಬುವ ಮೊದಲು ಯಾರಿಗೂ ಕೊಡಬೇಡಿ. ರಾತ್ರಿ ಅವುಗಳನ್ನು ಹೊರಗೆ ಕಟ್ಟದೆ, ಬಾಗಿಲು ಹಾಕಬಹುದಾದ ಗೂಡಿನಲ್ಲೋ ಖಾಲಿ ಲೈನ್ ಮನೆಯಲ್ಲೋ ಕೂಡಿ; ಕಟ್ಟಿದ ನಾಯಿಗೆ ಚಿರತೆಯಿಂದ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ.

ಪ್ರಶ್ನೆ: ಹಾಸನದ ನಮ್ಮ ಬಡಾವಣೆಯಲ್ಲಿ ಬೆಲ್ಟು ಹಾಕಿದ ಮರಿಯೊಂದು ಸಿಕ್ಕಿದೆ. ಮನೆಯಲ್ಲಿ ಆಗಲೇ ಒಂದು ವಯಸ್ಸಾದ ನಾಯಿ ಇದೆ. ಒಟ್ಟಿಗೆ ಬಿಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಎರಡು ವಾರ ಬೇಡ. ಮರಿಯಲ್ಲಿ ಪಾರ್ವೊ ಎಂಬ ವೈರಸ್ ಸೋಂಕಿದ್ದರೆ ವಾಂತಿ, ರಕ್ತಭೇದಿ ಕಾಣಿಸಿಕೊಳ್ಳಲು ಕೆಲವು ದಿನ ಬೇಕು, ನಾಯಿಗಳ ಇನ್ನೊಂದು ಅಂಟುರೋಗವಾದ ಡಿಸ್ಟೆಂಪರ್ ಇನ್ನೂ ನಿಧಾನ. ಪ್ರತ್ಯೇಕ ಕೋಣೆ, ಪ್ರತ್ಯೇಕ ತಟ್ಟೆ ಇರಲಿ. ಮರಿಯನ್ನು ಮುಟ್ಟಿದ ಮೇಲೆ ಕೈ ತೊಳೆದು, ಚಪ್ಪಲಿ ಬದಲಿಸಿ ಹಳೆಯ ನಾಯಿಯ ಬಳಿ ಹೋಗಿ, ಅದರ ಲಸಿಕೆ ಬಾಕಿಯಿದ್ದರೆ ಈಗಲೇ ಹಾಕಿಸಿ. ಈ ಎರಡು ವಾರದಲ್ಲಿ ಬಡಾವಣೆಯ ವಾಟ್ಸ್ಆ್ಯಪ್ ಗುಂಪು, ಹಾಲಿನ ಬೂತು, ಹತ್ತಿರದ ಪಶು ಆಸ್ಪತ್ರೆ ಮೂರು ಕಡೆಯೂ ಸುದ್ದಿ ಹಾಕಿ. ಫೋಟೊದಲ್ಲಿ ಮುಖವಷ್ಟೇ ಕಾಣಲಿ. ಬೆಲ್ಟಿನ ಬಣ್ಣವನ್ನೂ ಹೊಟ್ಟೆಯಡಿಯ ಮಚ್ಚೆಯನ್ನೂ ಹೇಳದೆ ಉಳಿಸಿಕೊಂಡು, ಕೇಳಿಕೊಂಡು ಬಂದವರ ಬಾಯಿಂದಲೇ ಹೇಳಿಸಿ.